ಆಯೇರಿ ಅಂದ ತಪ್ಪಿಗೆ

ಕಳೆದ ತಿಂಗಳು ರಾಣೆಬೆನ್ನೂರಿನಿಂದ ಒಂದು ಫೋನು ಬಂತು. ಯಾವುದೋ ಹೊಸ ಸೇವಾ ಬಳಗದ ಕಾರ್ಯದರ್ಶಿಯಂತೆ. ಬಡ ವಿದ್ಯಾರ್ಥಿಗಳಿಗೆ ಧನಸಹಾಯ ವಿತರಿಸುವ ಸಮಾರಂಭ ಇಟ್ಟುಕೊಂಡಿದ್ದಾರೆ. ನಿವೃತ್ತ ಉಪನ್ಯಾಸಕಿಯಾದ ನಾನು ವೇದಿಕೆಯ ಮೇಲೆ ಕೂರಬೇಕು, ಮಕ್ಕಳಿಗೆ ಎರಡು ಹಿತನುಡಿ ಹೇಳಬೇಕು. ಅವನ ಮಾತಿನ ತುಂಬ ಬೆಣ್ಣೆ. ನಾನು ಕೇಳಿದ್ದು ಒಂದೇ ಪ್ರಶ್ನೆ.

“ಹುಡುಗರ ಹೆಸರು ಮೈಕಿನಾಗ ಕೂಗ್ತೀರೇನು?”

“ಕೂಗ್ತೇವ್ರಿ ಮೇಡಂ! ಕೊಟ್ಟಾರ ಹೆಸರೂ ಕೂಗ್ತೇವಿ, ತಗೊಂಡಾರ ಹೆಸರೂ ಕೂಗ್ತೇವಿ. ಫೋಟೋ ಸೈತ ಹೊಡಸ್ತೇವಿ.”

“ಹಂಗಾರ ನಾ ಬರೂದಿಲ್ಲ,” ಎಂದು ಫೋನು ಇಟ್ಟುಬಿಟ್ಟೆ. ಆ ಮನುಷ್ಯ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎಂದುಕೊಳ್ಳಲಿ. ನನ್ನ ಸಿಟ್ಟಿನ ಬಗ್ಗೆ ನಾಲ್ಕು ಊರಿನ ಜನ ಏನೇನೋ ಅಂದುಕೊಂಡಿದ್ದಾರೆ, ಅದರಲ್ಲಿ ಮುಕ್ಕಾಲು ಪಾಲು ನಿಜವೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಕಣ್ಣಲ್ಲಿ ನೀರು ತರಿಸುವುದು ಗುಂಟೂರಿನದು. ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷ ಕೆಮಿಸ್ಟ್ರಿ ಕಲಿಸಿದ ನನಗೆ ಹುಡುಗರು ಇಟ್ಟಿದ್ದ ಹೆಸರು ‘ಗುಂಟೂರು ಮೇಡಂ’. ಬೆನ್ನ ಹಿಂದೆ ಅನ್ನುತ್ತಿದ್ದರು, ನನಗೆ ಕೇಳಿಸುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು.

ಫೋನು ಇಟ್ಟ ಮೇಲೆ ಮಾತ್ರ ಆ ಒಂದು ವರ್ಷ ತಲೆಯಿಂದ ಹೋಗಲೊಲ್ಲದು. ಜೂನಿನಲ್ಲಿ ಶುರುವಾಗಿ ಮರುವರ್ಷದ ಮೇ ತಿಂಗಳಿಗೆ ಮುಗಿದ ವರ್ಷ. ಎರಡು ಸಾವಿರದ ದಶಕ ಅರ್ಧ ದಾಟಿತ್ತು. ಮೊಬೈಲ್ ಕೊಂಡವರು ಅದರಲ್ಲಿ ಮಾತಾಡುವುದಕ್ಕಿಂತ ಹೆಚ್ಚಾಗಿ ಅದನ್ನು ಅಂಗಿಯ ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ತಿರುಗುತ್ತಿದ್ದ ಕಾಲ. ನಾನು ರಾಣೆಬೆನ್ನೂರಿನಲ್ಲಿ ಬಾಡಿಗೆ ಮನೆ ಹಿಡಿದು ದಿನವೂ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಬರುತ್ತಿದ್ದೆ. ಬಸ್ಸು ಕದರಮಂಡಲಗಿಯಲ್ಲಿ ನಿಂತಾಗ ಅರ್ಧ ಜನ ಕಿಟಕಿಯಿಂದಲೇ ಹನುಮಪ್ಪನಿಗೆ ಕೈಮುಗಿಯುತ್ತಿದ್ದರು, ಉಳಿದರ್ಧ ಜನ ಸೀಟಿಗೆ ಜಗಳ ಆಡುತ್ತಿದ್ದರು. ಆ ಗದ್ದಲದಲ್ಲಿ ಒಬ್ಬ ಹುಡುಗಿ ಹತ್ತಿ, ಕಂಬಿಗೆ ಬೆನ್ನು ಕೊಟ್ಟು ನಿಂತು, ಬ್ಯಾಡಗಿ ಬರುವ ತನಕ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಅವಳು ನೀಲವ್ವ. ಪಿಯುಸಿ ಎರಡನೆಯ ವರ್ಷದ ವಿಜ್ಞಾನ ವಿಭಾಗದಲ್ಲಿ ನನ್ನದೇ ವಿದ್ಯಾರ್ಥಿನಿ.

ನೀಲವ್ವ ವಿಧೇಯ ಹುಡುಗಿಯೇನಲ್ಲ. ಒಮ್ಮೆ ನಾನು ಬೋರ್ಡಿನ ಮೇಲೆ ಸಮೀಕರಣ ಬರೆದು ಕೈ ಝಾಡಿಸಿಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ದನಿ ಬಂತು. “ಮೇಡಂ, ಈ ಕಡೆ ಆಕ್ಸಿಜನ್ ಒಂದ ಕಮ್ಮಿ ಬಿದ್ದೈತ್ರಿ.” ಇಡೀ ತರಗತಿ ಉಸಿರು ಬಿಗಿಹಿಡಿಯಿತು. ನಾನು ತಿದ್ದಿದೆ, ಅವಳನ್ನು ಒಂದು ಸಲ ದುರುಗುಟ್ಟಿ ನೋಡಿದೆ, ಅವಳೂ ನೋಡಿದಳು. ಅವತ್ತೇ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು. ಅಪ್ಪ ಫಕ್ಕೀರಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ತಾಯಿ ಗೋದಾಮಿನಲ್ಲಿ ತುಂಬು ಬಿಡಿಸಲು, ಅಂದರೆ ಕಾಯಿಯ ತೊಟ್ಟು ಮುರಿಯಲು ಹೋಗುತ್ತಿದ್ದಳು. ಹುಡುಗಿಗೆ ಹುಬ್ಬಳ್ಳಿಗೆ ಹೋಗಿ ನರ್ಸಿಂಗ್ ಓದುವ ಆಸೆ. ಅವಳ ಮಾರ್ಕುಗಳಿಗೆ ಅದು ದೊಡ್ಡ ಆಸೆಯೇನೂ ಆಗಿರಲಿಲ್ಲ.

ನಮ್ಮದು ಖಾಸಗಿ ಕಾಲೇಜು. ಆ ಜೂನಿನಲ್ಲಿ ಆಡಳಿತ ಮಂಡಳಿ ವಿಜ್ಞಾನ ವಿಭಾಗದ ಫೀಸು ಏರಿಸಿತು. ಜುಲೈ ಮುಗಿಯುವುದರೊಳಗೆ ಕಟ್ಟದವರ ಹೆಸರು ಹಾಜರಿ ಪುಸ್ತಕದಿಂದ ತೆಗೆಯಬೇಕೆಂದು ಚೀಟಿ ಬಂತು. ನನ್ನ ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದವು, ನೀಲವ್ವನದು ಮೂರನೆಯದು. ಪ್ರಾಚಾರ್ಯರು ಒಳ್ಳೆಯವರು, ಒಳ್ಳೆಯವರು ಮಾಡುವಂತೆ ಚೀಟಿಯನ್ನು ನನ್ನ ಕೈಗಿಟ್ಟು ನಿಟ್ಟುಸಿರು ಬಿಟ್ಟರು. ನಾನು ರೇಗಿ, “ಒಬ್ಬರ ಹೆಸರೂ ತೆಗೆಯೋದಿಲ್ಲ, ನಾನೇ ದುಡ್ಡು ಎತ್ತಿಕೊಂಡು ಬರ್ತೇನೆ,” ಎಂದೆ. ಅಂದುಬಿಟ್ಟ ಮೇಲೆ ಎತ್ತಲೇಬೇಕಾಯಿತು.

ಜಿಟಿಜಿಟಿ ಮಳೆಯಲ್ಲಿ ಒಂದು ಕೊಡೆ, ಒಂದು ರಸೀದಿ ಪುಸ್ತಕ ಹಿಡಿದು ಮೂರು ಊರು ಸುತ್ತಿದೆ. ಹಾವೇರಿಯ ಒಬ್ಬ ಜವಳಿ ವ್ಯಾಪಾರಿ ನನ್ನ ಮಾತನ್ನೆಲ್ಲ ಕೇಳಿ, ಕೊನೆಗೆ ಒಂದು ಸೀರೆ ಬಿಚ್ಚಿ ತೋರಿಸಿದ. ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿ ಎರಡೂವರೆ ತಾಸು ಬೆಂಚಿನ ಮೇಲೆ ಕೂರಿಸಿ, “ಈ ಸಲ ಬಿತ್ತಿಗೇ ತಡ ಆಗೈತ್ರಿ ಮೇಡಂ, ಪೀಕ ಬರ್ಲಿ ನೋಡೂಣು,” ಎಂದ. ಬೆಳೆ ಬರುವಾಗ ನನ್ನ ಹುಡುಗರು ಎಲ್ಲಿರುತ್ತಾರೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬ್ಯಾಡಗಿಯಲ್ಲಿ ಮಹಾಲಿಂಗಪ್ಪ ಎಂಬ ಮೆಣಸಿನಕಾಯಿ ಸಾಹುಕಾರರ ಅಂಗಡಿಗೆ ಹೋದಾಗ ಒಳಗೆ ಚೀಲ ಸುರಿಯುತ್ತಿದ್ದರು. ನನಗೆ ಸೀನಿನ ಮೇಲೆ ಸೀನು, ಕಣ್ಣಿನಿಂದ ಧಾರಾಕಾರ ನೀರು. ಸಾಹುಕಾರರು ಗಾಬರಿಯಾಗಿ, “ಅಳಬ್ಯಾಡ್ರಿ ಮೇಡಮ್ಮಾರ, ಬಡ ಹುಡುಗ್ರ ಅಂದ್ರ ನಮಗೂ ಕರಳು ಚುರ್ ಅಂತೈತಿ,” ಎಂದು ನೂರರ ಒಂದು ನೋಟು ಕೊಟ್ಟರು. ಇಡೀ ವಾರದಲ್ಲಿ ನನಗೆ ಸಿಕ್ಕ ದೊಡ್ಡ ದೇಣಿಗೆ ಅದೇ. ಅದು ಸಿಕ್ಕಿದ್ದು ಮೆಣಸಿನ ಘಾಟಿಗೆ.

ಆ ಭಾನುವಾರ ನನ್ನ ತವರೂರು ಗುತ್ತಲದಲ್ಲಿ ಒಂದು ಮದುವೆ. ಅಕ್ಷತೆ ಬಿದ್ದ ಮೇಲೆ ಆಯೇರಿ ಶುರುವಾಯಿತು. ನಮ್ಮ ಕಡೆ ಮದುವೆಗೆ ಬಂದವರು ಕೊಡುವ ಉಡುಗೊರೆಗೆ ಆಯೇರಿ ಅನ್ನುತ್ತೇವೆ. ಒಬ್ಬರು ವಹಿಯಲ್ಲಿ ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಮೈಕಿನಲ್ಲಿ ಕೂಗುತ್ತಾರೆ: ಯಾವ ಊರಿನ ಯಾರಿಂದ ಯಾರಿಗೆ ಎಷ್ಟು ಎಂದು. ಅವತ್ತು ಕೂಗುತ್ತಿದ್ದವನು ನಮ್ಮ ಕಾಲೇಜಿನ ಜವಾನ ಯಲ್ಲಪ್ಪ. ಗಂಟಲು ಕಂಚಿನದು, ಭಾನುವಾರಗಳಲ್ಲಿ ಅದೇ ಅವನ ಉಪಕಸುಬು. ಕೇಳುತ್ತ ಕೂತಿದ್ದವಳು ಬೆಚ್ಚಿಬಿದ್ದೆ. “ರಾಣೆಬೆನ್ನೂರ ಬೀಜದಂಗಡಿ ಸಾವ್ಕಾರ್ರಿಂದ ಸಾವಿರದ ಒಂದು ರೂಪಾಯಿ ಆಯೇರಿ!” ನನ್ನನ್ನು ಬೆಂಚಿನ ಮೇಲೆ ಒಣಗಿಸಿದ ಅದೇ ಮನುಷ್ಯ, ಶರ್ಟಿನ ಕಾಲರು ಸರಿಮಾಡಿಕೊಳ್ಳುತ್ತ ವೇದಿಕೆಯ ಮೆಟ್ಟಿಲು ಇಳಿಯುತ್ತಿದ್ದ.

ಮರಳಿ ಬರುವಾಗ ಬಸ್ಸಿನಲ್ಲಿ ಯಲ್ಲಪ್ಪ ನನ್ನ ಮುಂದಿನ ಸೀಟಿನಲ್ಲಿದ್ದ. ನಾನು ಹೇಳಿದೆ, “ಯಲ್ಲಪ್ಪ, ನಾವೂ ಕಾಲೇಜಿನಲ್ಲಿ ಆಯೇರಿ ಇಡೋಣ. ಹುಡುಗರ ಫೀಸಿಗೆ. ಕೊಡುವವರ ಹೆಸರು, ಹುಡುಗರ ಹೆಸರು ಜೋಡಿಸಿ ನೀನು ಕೂಗಬೇಕು.”

ಅವನು ತಿರುಗಿ ನೋಡಿ ನಕ್ಕ. “ಆಯೇರಿ ಅಂದ್ರ ಹೊಳ್ಳಿ ಹೋಗ್ಬೇಕಾಗತೈತ್ರಿ ಮೇಡಮ್ಮಾರ. ಇವತ್ತ ಅವರು ಮಾಡಿದ್ರ ನಾಳೆ ಇವರು ಮಾಡಬೇಕು.”

“ಅದು ಮದುವೆಯಲ್ಲಿ. ಇದು ಕಾಲೇಜು,” ಎಂದೆ.

“ನೀವು ಓದಿದಾರು, ನಿಮಗ ಗೊತ್ತಿರತೈತಿ ಬಿಡ್ರಿ,” ಎಂದು ಅವನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ.

ನನಗೇನು ಗೊತ್ತಿರಲಿಲ್ಲವೇ? ನಮ್ಮ ಅವ್ವನ ಟ್ರಂಕಿನ ತಳದಲ್ಲಿ ಮೂರು ಆಯೇರಿ ವಹಿಗಳಿದ್ದವು. ಯಾರದಾದರೂ ಲಗ್ನಪತ್ರಿಕೆ ಬಂದರೆ ಮೊದಲು ಆ ವಹಿ ತೆಗೆದು, ಅವರು ನಮಗೆ ಏನು ಮಾಡಿದ್ದರೆಂದು ನೋಡಿ, ಅದಕ್ಕಿಂತ ತುಸು ಹೆಚ್ಚೇ ಮಾಡಿ ಬರುತ್ತಿದ್ದಳು. ಹೊರಗಿನಿಂದ ಬಂದವಳಾಗಿದ್ದರೆ ಈ ಉಪಾಯ ನನಗೆ ಹೊಳೆಯುತ್ತಲೇ ಇರಲಿಲ್ಲ. ಇಲ್ಲಿಯವಳಾಗಿದ್ದರಿಂದ ಹೊಳೆಯಿತು. ಆದರೆ ಕೊಡುವವರ ಜಂಬ ಒಂದೇ ನನ್ನ ಲೆಕ್ಕದಲ್ಲಿತ್ತು. ಪಡೆಯುವವರೂ ಇದೇ ಊರಿನವರು, ಅವರ ಮನೆಯಲ್ಲೂ ಅಂಥದೇ ಟ್ರಂಕು ಇರುತ್ತದೆ ಎಂಬುದು ತಲೆಗೆ ಬರಲಿಲ್ಲ.

ಜುಲೈ ಕೊನೆಯ ವಾರದ ಒಂದು ಮಧ್ಯಾಹ್ನ ಕಾಲೇಜಿನ ತಗಡಿನ ಸಭಾಂಗಣದಲ್ಲಿ ಸಮಾರಂಭ ನಡೆಯಿತು. ಕರೆಯೋಲೆಯನ್ನು ನಾನೇ ಬರೆದಿದ್ದೆ, ‘ವಿದ್ಯೆಯ ಆಯೇರಿ’ ಎಂದು. ಯಾರು ಬರುತ್ತಾರೆ ಎಂದುಕೊಂಡಿದ್ದರೆ ಎಲ್ಲರೂ ಬಂದರು. ಬೀಜದ ಸಾಹುಕಾರ ಬಂದ. ಜವಳಿಯವನು ಹೆಂಡತಿಯನ್ನೂ ಕರೆದುಕೊಂಡು ಬಂದ. ಮಹಾಲಿಂಗಪ್ಪನವರು ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಅದನ್ನೂ ಮೀರಿಸಿ ಯಲ್ಲಪ್ಪ ಕೂಗಿದ.

“ಬ್ಯಾಡಗಿ ಮಹಾಲಿಂಗಪ್ಪ ಸಾವ್ಕಾರ್ರಿಂದ, ಕದರಮಂಡಲಗಿ ಫಕ್ಕೀರಪ್ಪನ ಮಗಳು ನೀಲವ್ವಗ, ಐದು ಸಾವಿರದ ಒಂದು ರೂಪಾಯಿ ಆಯೇರಿ!”

ಚಪ್ಪಾಳೆಯೋ ಚಪ್ಪಾಳೆ. ನೀಲವ್ವ ವೇದಿಕೆಗೆ ಬಂದಳು. ನಾನು ಕಿವಿಯಲ್ಲಿ, “ಕಾಲಿಗೆ ಬೀಳು,” ಎಂದೆ. ಅವಳು ನನ್ನ ಮುಖ ನೋಡಿದಳು. ನಾನು ಕಣ್ಣು ಬಿಟ್ಟೆ, ಬಿದ್ದಳು. ಹಿಂದುಗಡೆ ಬಾಗಿಲ ಹತ್ತಿರ ಫಕ್ಕೀರಪ್ಪ ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡು, ಬೀಗರ ಮನೆಗೆ ಬಂದವನ ಹಾಗೆ ನೆಟ್ಟಗೆ ನಿಂತಿದ್ದ. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಹನ್ನೆರಡು ಹೆಸರುಗಳೂ ಹಾಜರಿ ಪುಸ್ತಕದಲ್ಲಿ ಉಳಿದವು. ಮೂರು ಊರಿನ ಜಿಪುಣರನ್ನು ಒಂದೇ ಏಟಿಗೆ ಮಣಿಸಿದೆ ಎಂದು ನಾನು ಹದಿನೈದು ದಿನ ನೆಲಕ್ಕೆ ಕಾಲಿಡಲಿಲ್ಲ.

ದೀಪಾವಳಿ ಮುಗಿಯಿತು, ಚಳಿ ಬಂತು, ಮೆಣಸಿನಕಾಯಿಯ ಸೀಜನ್ ಶುರುವಾಯಿತು. ಮಾರುಕಟ್ಟೆಯ ದಿನಗಳಾದ ಸೋಮವಾರ, ಗುರುವಾರ ಊರಿಗೆ ಊರೇ ಕೆಂಪು. ಚೀಲ ಹೇರಿದ ಲಾರಿಗಳ ಸಾಲು ಕಾಲೇಜಿನ ಗೇಟಿನ ತನಕ ಬರುತ್ತಿತ್ತು. ಪಾಠ ಮಾಡುವಾಗ ನಾನೂ ಕೆಮ್ಮುತ್ತಿದ್ದೆ, ಹುಡುಗರೂ ಕೆಮ್ಮುತ್ತಿದ್ದರು. ಆ ಕೆಮ್ಮಿನ ನಡುವೆ ನೀಲವ್ವನ ಬೆಂಚು ಮೊದಲು ವಾರಕ್ಕೆರಡು ದಿನ ಖಾಲಿಯಾಯಿತು, ಆಮೇಲೆ ನಾಲ್ಕು ದಿನ, ಆಮೇಲೆ ಪೂರ್ತಿ. ಬಸ್ಸಿನಲ್ಲೂ ಕಾಣಲಿಲ್ಲ. ನನಗೆ ಮೈಯೆಲ್ಲ ಉರಿ. ಇವಳಿಗಾಗಿ ಕೊಡೆ ಹಿಡಿದು ಭಿಕ್ಷೆ ಬೇಡಿದ್ದೇನೆ, ಇವಳಿಗೆ ಕಾಲೇಜಿಗೆ ಬರಲು ಸೋಮಾರಿತನವೇ? ನಡುವೆ ಒಂದು ದಿನ ಬಂದವಳನ್ನು ಎಲ್ಲರೆದುರು ನಿಲ್ಲಿಸಿ, “ನಿನ್ನ ಫೀಸು ಯಾರ ಬೆವರಿನದು ಗೊತ್ತೇನು? ಉಣ್ಣುವ ಅನ್ನಕ್ಕೆ ನಿಯತ್ತು ಇರಬೇಕು,” ಎಂದು ಬೈದೆ. ಅವಳು ಬೆರಳುಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ನಿಂತಿದ್ದಳು. ಯಾಕೆಂದು ನನಗೆ ಅವತ್ತು ತಿಳಿಯಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ.

ಪರೀಕ್ಷೆಗೆ ಕೂರಲು ಇಷ್ಟು ಹಾಜರಿ ಇರಲೇಬೇಕೆಂಬ ನಿಯಮವಿತ್ತು. ಕಡಿಮೆ ಬಿದ್ದವರ ಪಟ್ಟಿಯನ್ನು ಜನವರಿ ಕೊನೆಗೆ ನಾನು ಸಹಿ ಮಾಡಿ ಕೊಡಬೇಕಿತ್ತು. ಕೊಡುವ ಮೊದಲು ಒಮ್ಮೆ ಅವಳನ್ನು ಹಿಡಿದು ಝಾಡಿಸೋಣವೆಂದು ಯಲ್ಲಪ್ಪನನ್ನು ಕೇಳಿದೆ. ಅವನು ತಲೆ ತಗ್ಗಿಸಿ, “ಮಹಾಲಿಂಗಪ್ಪ ಸಾವ್ಕಾರ್ರ ಗೋದಾಮಿನ್ಯಾಗ ಇರ್ತಾಳ್ರಿ,” ಎಂದ.

ಗೋದಾಮಿನಲ್ಲಿ ಐವತ್ತು ಅರವತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಯ ಸುತ್ತ ಕೂತಿದ್ದರು. ತುಂಬು ಮುರಿಯುವ ಚಟಚಟ ಸದ್ದು ಬಿಟ್ಟರೆ ಬೇರೆ ಮಾತಿಲ್ಲ; ಕಿಲೋ ಲೆಕ್ಕದ ಕೆಲಸ, ಮಾತಾಡಿದರೆ ಕೂಲಿ ಹೋಗುತ್ತದೆ. ತಾಯಿಯ ಪಕ್ಕದಲ್ಲಿ ನೀಲವ್ವ. ಅವಳ ಬೆರಳ ತುದಿಗಳು ಸಿಪ್ಪೆ ಸುಲಿದು ಬಿಳಿಚಿಕೊಂಡಿದ್ದವು.

“ಏನಿದು?” ಎಂದೆ.

“ಲಗ್ನ ಐತ್ರಿ ಮೇಡಂ.”

“ನಿಂದೇನು? ಈ ವಯಸ್ಸಿನಲ್ಲಿ?”

“ನಂದಲ್ರಿ. ಸಾವ್ಕಾರ್ರ ಮಗಂದು. ಯುಗಾದಿ ಮುಂದ. ನಮ್ಮನಿಗೆ ಕಾರ್ಡ್ ಕೊಟ್ಟಾರ. ಅವರು ನನಗ ಮಾಡಿದ ಆಯೇರಿ ಹೊಳ್ಳಿ ಮಾಡಬೇಕಲ್ರಿ, ಅದಕ್ಕ ರೊಕ್ಕ ಕೂಡಸಾಕತ್ತೇವಿ. ಅವ್ವ ಒಬ್ಬಾಕಿದ ಸಾಲಂಗಿಲ್ಲ.”

ಅರ್ಥವಾಗಲು ನನಗೆ ತುಸು ಹೊತ್ತು ಬೇಕಾಯಿತು. ಸಾಹುಕಾರರ ಐದು ಸಾವಿರ ಕಾಲೇಜಿಗೆ ಹೋಗಿತ್ತು. ಅದನ್ನು ಅವರಿಗೆ ಮರಳಿಸಲು ಈ ಹುಡುಗಿ ಕಾಲೇಜು ಬಿಟ್ಟು, ಅವರದೇ ಗೋದಾಮಿನಲ್ಲಿ, ಅವರದೇ ಮೆಣಸಿನಕಾಯಿಯ ತುಂಬು ಮುರಿಯುತ್ತಿದ್ದಳು. ಇದನ್ನು ಏರ್ಪಾಡು ಮಾಡಿದವಳು ನಾನು. ಸಿಟ್ಟನ್ನು ಯಾರ ಮೇಲೆ ಸುರಿಯಬೇಕೋ ತಿಳಿಯದೆ ಹೊರಗೆ ಬಂದವಳಿಗೆ ಚೀಲ ಇಳಿಸುತ್ತಿದ್ದ ಫಕ್ಕೀರಪ್ಪ ಸಿಕ್ಕ. ಅವನ ಮೇಲೆಯೇ ಸುರಿದೆ.

“ಬುದ್ಧಿ ಇದೆಯೇನು ನಿನಗೆ? ಅದು ಹುಡುಗಿಯ ಓದಿಗೆ ಕೊಟ್ಟದ್ದು. ವಾಪಸು ಕೊಡು ಅಂತ ಯಾರು ಹೇಳಿದರು?”

ಅವನು ಚೀಲವನ್ನು ಸಾವಕಾಶವಾಗಿ ನೆಲಕ್ಕಿಟ್ಟು, ಕೈ ಒರೆಸಿಕೊಂಡು ಹೇಳಿದ. “ನೀವ ಹೇಳಿದ್ರಿ ಮೇಡಮ್ಮಾರ. ಮೈಕಿನ್ಯಾಗ ನಮ್ಮ ಹೆಸರ ಹಿಡದು ಆಯೇರಿ ಅಂತ ಕೂಗಿಸಿದ್ರಿ. ನೂರು ಮಂದಿ ಕೇಳ್ಯಾರ. ಈಗ ಕಾರ್ಡ್ ಬಂದೈತಿ. ಬರೇ ಕೈಲೆ ಹ್ಯಾಂಗ ಹೋಗಲ್ರಿ?”

“ಅದು ದಾನ ಅಂತ ತಿಳಿದುಕೋ.”

ಅವನ ಮುಖ ಗಡುಸಾಯಿತು. “ದಾನ ಅಂದಿದ್ರ ನಾ ಅವತ್ತ ಹುಡುಗೀನ ಕರಕೊಂಡು ಹೊಳ್ಳಿ ಹೊಕ್ಕಿದ್ದೆ. ನೀವು ಆಯೇರಿ ಅಂದ್ರಿ, ಅದಕ್ಕ ನಿಂತೆ. ಅದ ಸಾವ್ಕಾರ್ರ ಚೀಲ ಹೊರ್ತೇನ್ರಿ, ಖರೆ. ಅವರ ಮನಿಯಿಂದ ಆಯೇರಿ ಬರೂವಂಥ ಮನಿ ನಮ್ದು ಅಂತ ಊರಾಗ ಆತಲ್ಲ, ಅದನ್ನ ಹೆಂಗ ಕಳಕೊಳ್ಲಿ?”

ನಾನು ಒಂದು ವರ್ಷ ಹಾಳಾಗುತ್ತದೆ ಎಂದೆ, ನರ್ಸಿಂಗ್ ಎಂದೆ, ಹುಬ್ಬಳ್ಳಿ ಎಂದೆ. “ಮುಂದಿನ ವರ್ಷ ಓದ್ತಾಳ ತಗೋರಿ,” ಎಂದು ಅವನು ಚೀಲಕ್ಕೆ ಕೊಕ್ಕೆ ಹಾಕಿದ. ಹಟಮಾರಿ ಎಂದು ಬೈದುಕೊಂಡೆ. ಅವನ ಮಾತಿನಲ್ಲಿ ಒಂದಕ್ಷರವೂ ತಪ್ಪಿಲ್ಲವಲ್ಲ ಎಂಬುದೇ ನನ್ನ ಸಿಟ್ಟಿಗೆ ತುಪ್ಪ ಸುರಿಯುತ್ತಿತ್ತು.

ಅಲ್ಲಿಂದ ಸೀದಾ ಸಾಹುಕಾರರ ಅಂಗಡಿಗೆ ಹೋದೆ. ಮಹಾಲಿಂಗಪ್ಪನವರು ಕೈತುಂಬ ಮೆಣಸಿನಕಾಯಿ ಹಿಡಿದು ಬೆಳಕಿಗೆ ತಿರುಗಿಸಿ ಬಣ್ಣ ನೋಡುತ್ತಿದ್ದರು. ಫಕ್ಕೀರಪ್ಪನಿಂದ ಆಯೇರಿ ತೆಗೆದುಕೊಳ್ಳಬೇಡಿ, ಒಂದು ಮಾತು ಹೇಳಿ ಕಳಿಸಿ, ಹುಡುಗಿ ನಾಳೆಯಿಂದಲೇ ಕಾಲೇಜಿಗೆ ಬರುತ್ತಾಳೆ ಎಂದೆ.

“ಬ್ಯಾಡ ಅಂದ್ರ ಅಂವಗ ಅವಮಾನ ಆಗಂಗಿಲ್ಲೇನ್ರಿ?” ಅವರು ನಕ್ಕರು. “ಲಗ್ನದಾಗ ಬಂದಾರ ಕೈ ಹಿಂದಕ್ಕ ಸರಸಾಕ ಬರ್ತೈತೇನು? ಅಶುಭ. ಆಯೇರಿ ಇಟ್ಟಾರು ನೀವು, ಈಗ ನನಗ ಪಾಠ ಹೇಳಾಕ ಬಂದೀರಿ.”

“ನಿಮ್ಮ ಗೋದಾಮಿನಲ್ಲೇ ಅವಳ ಬೆರಳು ಸುಲಿದು ಹೋಗಿವೆ.”

“ಕೂಲಿ ಕೊಡಾಕತ್ತೇವಲ್ರಿ,” ಎಂದರು. ಕಣ್ಣಲ್ಲಿ ಕಪಟವೇನೂ ಇರಲಿಲ್ಲ. ಕಪಟವಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ಮತ್ತ ನೋಡ್ರಿ, ನಾ ಕಾರ್ಡ್ ಕೊಡದ ಬಿಟ್ಟಿದ್ರ, ಹಮಾಲ ಅಂತ ಬಿಟ್ರು ಅಂತ ನೀವ ಬೈತಿದ್ರಿ.”

ಹೌದು, ಬಯ್ಯುತ್ತಿದ್ದೆ. ನಾನು ಮೇಜು ಗುದ್ದಿ ಎದ್ದು ಬಂದೆ. ಕಾಲೇಜಿನಲ್ಲಿ ಪ್ರಾಚಾರ್ಯರ ಎದುರು ಕೂತು, ಹಾಜರಿಯಲ್ಲಿ ಏನಾದರೂ ದಾರಿ ಮಾಡಿ ಎಂದು ಕೇಳಿದೆ. ಅವರು ಎಂದಿನಂತೆ ನಿಟ್ಟುಸಿರು ಬಿಟ್ಟು ಪುಸ್ತಕವನ್ನು ನನ್ನ ಕಡೆ ತಳ್ಳಿದರು. “ಹಾಜರಿ ಹಾಕೋದು ನೀವು, ತೆಗಿಯೋದು ನೀವು. ನೀವು ಏನು ಬರೀತೀರಿ ಅದಕ್ಕ ನಾ ಸಹಿ ಮಾಡ್ತೇನಿ.”

ಪೆನ್ನು ನನ್ನ ಕೈಯಲ್ಲಿತ್ತು. ಮೂವತ್ತು ನಲವತ್ತು ಗೈರುಗಳನ್ನು ಹಾಜರಿ ಮಾಡಲು ಅರ್ಧ ತಾಸು ಸಾಕಿತ್ತು. ಬೇರೆ ಕಾಲೇಜುಗಳಲ್ಲಿ ಆಡಳಿತ ಮಂಡಳಿಯವರ ಮಕ್ಕಳಿಗೆ ಹೀಗೆ ಮಾಡುತ್ತಾರೆಂದು ನಾನೇ ಊರೆಲ್ಲ ಸಾರಿಕೊಂಡು ಬಂದವಳು. ನಿಯಮ ಮೀರದ ಉಪನ್ಯಾಸಕಿ ಎಂದು ಹೆಸರು ಮಾಡಿದವಳು. ಆ ಹೆಸರು ಕಳೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಪಟ್ಟಿಯಲ್ಲಿ ನೀಲವ್ವನ ಹೆಸರು ಬರೆದು, ಕೆಳಗೆ ಸಹಿ ಮಾಡಿ, ಕೊಟ್ಟೆ. ಫಕ್ಕೀರಪ್ಪನನ್ನು ಹಟಮಾರಿ ಅಂದ ಬಾಯಿ ಅವತ್ತು ಎಲ್ಲಿ ಹೋಗಿತ್ತೋ.

ಮದುವೆಗೆ ನನಗೂ ಕಾರ್ಡ್ ಬಂದಿತ್ತು. ಹೋಗಬಾರದೆಂದು ಶಪಥ ಮಾಡಿದ್ದೆ, ಹೋದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪೆಂಡಾಲಿನಲ್ಲಿ ಮೈಕು ಹಿಡಿದು ನಿಂತವನು ಯಲ್ಲಪ್ಪನೇ. ಒಂದರ ಹಿಂದೆ ಒಂದು ಹೆಸರು ಕೂಗುತ್ತ ಬಂದವನು, ಫಕ್ಕೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲಕೋಟೆ ಹಿಡಿದು ಮುಂದೆ ಬಂದಾಗ, ಒಂದು ಗಳಿಗೆ ನಿಂತ. ನನ್ನ ಕಡೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಕದರಮಂಡಲಗಿ ಫಕ್ಕೀರಪ್ಪನ ಮಗಳು ನೀಲವ್ವನಿಂದ, ಐದು ಸಾವಿರದ ಐನೂರಾ ಒಂದು ರೂಪಾಯಿ ಆಯೇರಿ!” ಎಂದ.

ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಹಮಾಲನ ಮಗಳು, ಅದೂ ಐನೂರು ಮೇಲೆ! ಮಹಾಲಿಂಗಪ್ಪನವರು ಎದ್ದು ಬಂದು ಎರಡೂ ಕೈಯಿಂದ ಲಕೋಟೆ ತೆಗೆದುಕೊಂಡು, ಫಕ್ಕೀರಪ್ಪನ ಹೆಗಲ ಮೇಲೆ ಕೈಹಾಕಿ ಊಟಕ್ಕೆ ಮೊದಲ ಪಂಕ್ತಿಗೆ ಕರೆದೊಯ್ದರು. ಫಕ್ಕೀರಪ್ಪನ ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಇಬ್ಬರೂ ಸುಖವಾಗಿದ್ದರು. ಅವರಿಬ್ಬರನ್ನೂ ಕಂಡು ನನಗೆ ಅಸಹ್ಯವಾಯಿತು, ಹೊಟ್ಟೆಕಿಚ್ಚೂ ಆಯಿತು. ಅದೇ ವಾರ ಪಿಯುಸಿ ಪರೀಕ್ಷೆ ನಡೆಯುತ್ತಿತ್ತು. ಮರುದಿನ ಕೆಮಿಸ್ಟ್ರಿ. ನಾನು ಊಟಕ್ಕೆ ನಿಲ್ಲದೆ ಬಸ್ಸು ಹಿಡಿದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಆಯೇರಿ ಪಡೆದ ಹನ್ನೆರಡರಲ್ಲಿ ಹತ್ತು ಜನ ಪಾಸಾಗಿದ್ದರು, ಒಬ್ಬ ಫೇಲು. ಪ್ರಾಚಾರ್ಯರು ನನ್ನನ್ನು ಕರೆದು ಅಭಿನಂದಿಸಿದರು, ಮುಂದಿನ ವರ್ಷವೂ ಆಯೇರಿ ಇಡೋಣ ಎಂದರು. ಇನ್ನೊಮ್ಮೆ ಆ ಶಬ್ದ ನನ್ನೆದುರು ಎತ್ತಿದರೆ ರಾಜೀನಾಮೆ ಕೊಡುತ್ತೇನೆ ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಹೊರಗೆ ಸ್ಟೂಲಿನ ಮೇಲಿದ್ದ ಯಲ್ಲಪ್ಪ ಎದ್ದು ನಿಂತ.

ಅವತ್ತೇ ಮಧ್ಯಾಹ್ನ ಗೋದಾಮಿಗೆ ಹೋದೆ. ಸೀಜನ್ ಮುಗಿದಿತ್ತು, ಆದರೆ ಕೋಲ್ಡ್ ಸ್ಟೋರೇಜು ಬಂದ ಮೇಲೆ ತುಂಬು ಬಿಡಿಸುವ ಕೆಲಸ ವರ್ಷವಿಡೀ ಇರುತ್ತಿತ್ತು. ರಾಶಿಗಳು ಸಣ್ಣವಾಗಿದ್ದವು, ಹೆಂಗಸರೂ ಕಡಿಮೆ. ನೀಲವ್ವ ಅಲ್ಲೇ ಇದ್ದಳು. ನಾನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅವಳ ಮಟ್ಟಕ್ಕೆ ಕೂತು ಮಾತಾಡಿದ್ದು ಅದೇ ಮೊದಲು.

“ತಪ್ಪಾಯಿತು ನೀಲವ್ವ,” ಎಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬರುವಂಥದಲ್ಲ. “ಕ್ಲಾಸಿನಲ್ಲಿ ಬೈದದ್ದು ತಪ್ಪು, ಪಟ್ಟಿಯಲ್ಲಿ ಬರೆದದ್ದೂ ತಪ್ಪು. ಜೂನಿನಲ್ಲಿ ಮತ್ತೆ ಹೆಸರು ಹಚ್ಚು. ಫೀಸು ನಾನು ಕಟ್ಟುತ್ತೇನೆ. ಯಾರಿಗೂ ಹೇಳುವುದಿಲ್ಲ. ಮೈಕಿಲ್ಲ, ಫೋಟೋ ಇಲ್ಲ, ಏನೂ ಇಲ್ಲ. ನಿನ್ನ ಅಪ್ಪನಿಗೂ ಗೊತ್ತಾಗುವುದು ಬೇಡ.”

ಅವಳು ಕೈಯಲ್ಲಿದ್ದ ಕಾಯಿಯ ತುಂಬು ಮುರಿದು ಪಕ್ಕಕ್ಕೆಸೆದು, ನನ್ನನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಣ್ಣ ಹುಡುಗಿಗೆ ಲೆಕ್ಕ ಬಿಡಿಸಿ ಹೇಳುವವರ ತಾಳ್ಮೆ ಇತ್ತು.

“ಬ್ಯಾಡ್ರಿ ಮೇಡಂ,” ಎಂದಳು. “ಮತ್ತ ನಿಮ್ಮ ಮನ್ಯಾಗ ಲಗ್ನ ಯಾವಾಗ ಐತೋ ಅಂತ ನಾ ಕಾಯ್ಕೋತ ಕುಂದ್ರಬೇಕಾಗತೈತಿ.”

ಪಕ್ಕದಲ್ಲಿದ್ದ ತಾಯಿ ಸೆರಗಿನೊಳಗೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ನೀಲವ್ವ ಆಗಲೇ ಇನ್ನೊಂದು ಕಾಯಿ ಎತ್ತಿಕೊಂಡಿದ್ದಳು. ನನ್ನ ಸೀರೆಯ ಅಂಚು ರಾಶಿಯ ಮೇಲೆ ಬಿದ್ದಿತ್ತು. ಅದನ್ನು ಎಡಗೈಯಿಂದ ಮೆಲ್ಲಗೆ ಎತ್ತಿ ಆಚೆ ಇಟ್ಟು, “ಜರ ಸರೀರಿ ಮೇಡಂ, ಕಾಯಿ ಮುರದ ಹೊಕ್ಕಾವು,” ಎಂದಳು. ನಾನು ಎದ್ದು ಸರಿದು ನಿಂತೆ.